ಏರುಪೇರಿನ ಲಿಸ್ಬನ್

ನಮ್ಮ ಗುಂಪಿನಲ್ಲಿ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುವ ಪದ್ಧತಿಯಿಲ್ಲ. ಕಾಲೇಜು ಸೇರಿದ ಹೊಸದರಲ್ಲಿ ಊರಿನ ಹೆಸರು ಹಿಡಿದು ಕೂಗಲು ಶುರುಮಾಡಿದವರು ತಲೆಯಲ್ಲಿ ಬಿಳಿಗೂದಲು ಕಾಣಿಸಿಕೊಂಡರೂ ಬಿಟ್ಟಿಲ್ಲ. ಧಾರವಾಡ ಈಗ ಜರ್ಮನಿಯಲ್ಲಿದ್ದಾಳೆ, ಮಂಗಳೂರು ಐರ್ಲೆಂಡಿನಲ್ಲಿದ್ದಾನೆ. ಶಿರಸಿಯೂ ಮೈಸೂರಿನ ನಾನೂ ಕಚೇರಿ ಕೆಲಸಕ್ಕೆಂದು ಯುರೋಪಿಗೆ ಹೋದವರು ಒಂದಿಷ್ಟು ರಜೆ ಸೇರಿಸಿಕೊಂಡೆವು. ನಾಲ್ವರಿಗೂ ಅಗ್ಗದ ವಿಮಾನ ಸಿಗುವ ಊರು ಯಾವುದೆಂದು ಹುಡುಕಿದಾಗ ಲಿಸ್ಬನ್ ಸಿಕ್ಕಿತು. ಟಿಕೆಟ್, ಮನೆ, ಓಡಾಟದ ಉಸ್ತುವಾರಿಯನ್ನೆಲ್ಲ ಧಾರವಾಡ ತಾನೇ ವಹಿಸಿಕೊಂಡಳು. ಅವಳ ವೇಳಾಪಟ್ಟಿಯಲ್ಲಿ ಕಾಫಿ ಕುಡಿಯುವುದಕ್ಕೂ ಇಂತಿಷ್ಟು ನಿಮಿಷ ಎಂದು ನಮೂದಾಗಿತ್ತು. ಆದರೆ ಅವಳು ದೂರ ಲೆಕ್ಕ ಹಾಕಿದ್ದು ಮೊಬೈಲಿನ ಚಪ್ಪಟೆ ನಕ್ಷೆಯ ಮೇಲೆ. ಲಿಸ್ಬನ್ನಿನಲ್ಲಿ ಚಪ್ಪಟೆಯಾಗಿರುವುದು ನದಿ ಮಾತ್ರ.

ಬುಧವಾರ

ಮೆಟ್ರೊದಿಂದ ಮಾರ್ತಿಂ ಮೊನಿಜ್ ಚೌಕದಲ್ಲಿ ಮೇಲೆ ಬರುವಾಗ ಸಂಜೆ ಏಳು ಗಂಟೆ. ಬಿಸಿಲು ಮಾತ್ರ ಮಧ್ಯಾಹ್ನದ ಗತ್ತಿನಲ್ಲೇ ಇತ್ತು. ಜೂನಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಮೇಲೆ. ನಿಲ್ದಾಣದ ಯಂತ್ರದಲ್ಲಿ ತಲೆಗೊಂದರಂತೆ ಕಾರ್ಡು ಕೊಂಡು, ‘ಜಾಪಿಂಗ್’ ಎಂಬ ಬಾಬಿನಲ್ಲಿ ಹಣ ತುಂಬಿಸಿಕೊಂಡಿದ್ದೆವು. ಹಾಗೆ ಮಾಡಿದರೆ ಮೆಟ್ರೊ, ಟ್ರಾಂ, ಹತ್ತಿರದ ಬೆಟ್ಟದೂರು ಸಿಂತ್ರಾದ ರೈಲು ಎಲ್ಲಕ್ಕೂ ಒಂದೇ ಕಾರ್ಡು ಸಾಕು. ಒಬ್ಬರ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ.

ನಾವು ಹಿಡಿದಿದ್ದ ಮನೆ ಮೋರಾರಿಯಾ ಎಂಬ ಕೇರಿಯಲ್ಲಿ. 1147ರಲ್ಲಿ ಅಫೋನ್ಸು ಹೆನ್ರಿಕೆಸ್ ಎಂಬ ದೊರೆ ‘ಮೂರ್’ ಎನ್ನುವ ಮುಸ್ಲಿಮರಿಂದ ಈ ಊರನ್ನು ಗೆದ್ದುಕೊಂಡ ಮೇಲೆ, ಸೋತವರಿಗೆ ಕೋಟೆಯ ಹೊರಗೆ ಬಿಟ್ಟುಕೊಟ್ಟ ಜಾಗವಿದು. ಸೋತವರಿಗೆ ಕೊಟ್ಟದ್ದು ಎಂಬುದು ರಸ್ತೆ ನೋಡಿದರೇ ತಿಳಿಯುತ್ತದೆ: ಹತ್ತು ಹೆಜ್ಜೆ ಏರು, ಒಂದು ತಿರುವು, ನಲವತ್ತು ಮೆಟ್ಟಿಲು, ಮತ್ತೆ ಏರು. ಕಾಲುದಾರಿಗಳಿಗೆಲ್ಲ ಮುಷ್ಟಿಗಾತ್ರದ ಬಿಳಿಯ ಸುಣ್ಣಕಲ್ಲುಗಳನ್ನು ಒಂದೊಂದಾಗಿ ಕೈಯಲ್ಲಿ ಕೆತ್ತಿ ಜೋಡಿಸಿದ್ದಾರೆ. ನೋಡಲು ಚಂದ. ಆದರೆ ತಲೆಮಾರುಗಳ ಕಾಲು ಸವೆಸಿ ಸವೆಸಿ ಅವು ಕನ್ನಡಿಯ ನುಣುಪಿಗೆ ಬಂದಿವೆ. ರಬ್ಬರ್ ಅಟ್ಟೆಯ ಬೂಟಿಲ್ಲದೆ ಈ ಊರಿಗೆ ಬರಬಾರದು. ಚಕ್ರದ ಸೂಟ್‌ಕೇಸನ್ನಂತೂ ತರಲೇಬಾರದು. ಶಿರಸಿಯ ಪೆಟ್ಟಿಗೆಯ ಒಂದು ಚಕ್ರ ಮೂರನೆಯ ತಿರುವಿನಲ್ಲಿ ಕಳಚಿಕೊಂಡು ಬಂದ ದಾರಿಯಲ್ಲೇ ಕೆಳಕ್ಕೆ ಉರುಳಿತು. ಕೆಳಗೆ ಚೆಂಡಾಡುತ್ತಿದ್ದ ಹುಡುಗನೊಬ್ಬ ಅದನ್ನು ಬೂಟಿನ ತುದಿಯಲ್ಲಿ ತಡೆದು, ಚಿಮ್ಮಿಸಿ, ಕೈಯಲ್ಲಿ ಹಿಡಿದು, ಮೇಲಕ್ಕೆ ಓಡಿ ಬಂದು ಕೊಟ್ಟ. ಏದುಸಿರು ಬಿಡುತ್ತಿದ್ದವರು ನಾವು.

ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಅಂಕಿ ತಿರುಗಿಸುವ ಬೀಗದ ಪುಟ್ಟ ಡಬ್ಬಿಗಳು ಸಾಲಾಗಿದ್ದವು. ಎಲ್ಲದರಲ್ಲೂ ಒಂದೊಂದು ಬಾಡಿಗೆ ಮನೆಯ ಬೀಗದ ಕೈ. ನಮ್ಮದು ಯಾವುದೆಂದು ತಡಕಾಡುತ್ತಿದ್ದಾಗ ಎದುರು ಕಿಟಕಿಯಿಂದ ಅಜ್ಜಿಯೊಬ್ಬರು, ಮೊಣಕೈ ಕೆಳಗೆ ದಿಂಬಿಟ್ಟುಕೊಂಡು ನೋಡುತ್ತಿದ್ದವರು, ಬೆರಳೆತ್ತಿ ಎಡದಿಂದ ಮೂರನೆಯದು ಎಂದು ತೋರಿಸಿದರು. ಬರುವವರಿಗೆಲ್ಲ ತೋರಿಸಿ ಅವರಿಗೆ ರೂಢಿಯಾಗಿರಬೇಕು.

ಪೆಟ್ಟಿಗೆ ಎಸೆದು ನದಿಗೆ ಇಳಿದೆವು. ಪ್ರಾಸಾ ದು ಕೊಮೆರ್ಸಿಯು ಎಂಬ ವಿಶಾಲ ಚೌಕ ಮೂರು ಕಡೆ ಹಳದಿ ಕಮಾನುಗಳಿಂದ ಸುತ್ತುವರಿದು, ನಾಲ್ಕನೆಯ ಕಡೆ ತೇಜೊ ನದಿಗೆ ತೆರೆದುಕೊಂಡಿದೆ. 1755ರವರೆಗೆ ಇಲ್ಲಿ ದೊರೆಯ ಅರಮನೆಯಿತ್ತು. ಅಲ್ಲಿಂದ ಮೇಲಕ್ಕೆ ಬಾಯ್ಶಾ ಪೇಟೆಯ ನೇರ ಬೀದಿಗಳು: ಚಿನ್ನದವರದ್ದೊಂದು, ಬೆಳ್ಳಿಯವರದ್ದೊಂದು, ಚಮ್ಮಾರರದ್ದೊಂದು. ಬೆಂಗಳೂರಿನ ಪೇಟೆಯಲ್ಲಿ ತಿರುಗಿದವರಿಗೆ ಕಸುಬಿನ ಹೆಸರು ಹೊತ್ತ ಬೀದಿ ಹೊಸತಲ್ಲ. ಅವು ನೇರವಾಗಿರುವುದು ಹೊಸತು.

ಊಟಕ್ಕೆ ಕುಳಿತಾಗ ಹೇಳುವ ಮೊದಲೇ ಬ್ರೆಡ್ಡು, ಬೆಣ್ಣೆ, ಆಲಿವ್ ಕಾಯಿ, ಚೀಸಿನ ತುಂಡು ಮೇಜಿಗೆ ಬಂದವು. ಶಿರಸಿ ಸಸ್ಯಾಹಾರಿ, ಮೊಟ್ಟೆಯ ವಿಷಯದಲ್ಲಿ ಮಾತ್ರ ಊರ ಗಡಿ ದಾಟಿದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಇನ್ನೇನು ಸಿಗುವುದೋ ಎಂಬ ಭಯದಲ್ಲಿ ಅವನು ಎಲ್ಲವನ್ನೂ ಖಾಲಿ ಮಾಡಿದ. ಬಿಲ್ಲಿನಲ್ಲಿ ಅವಕ್ಕೆಲ್ಲ ಬೇರೆ ಬೇರೆ ಬೆಲೆ ಹಾಕಿತ್ತು. ಅದು ಮೋಸವೇನಲ್ಲ, ಇಲ್ಲಿನ ವಾಡಿಕೆ. ಬೇಡವೆಂದು ಮುಟ್ಟದೆ ಬಿಟ್ಟರೆ ದುಡ್ಡಿಲ್ಲ. ‘ಕಾಲ್ದು ವೆರ್ದ್’ ಎಂಬ ಸೊಪ್ಪಿನ ಸಾರು ತರಿಸಿದರೆ ಅದರ ನಡುವೆ ಹಂದಿಮಾಂಸದ ಬಿಲ್ಲೆ ತೇಲುತ್ತಿತ್ತು. ಮಂಗಳೂರು ಆ ಬಟ್ಟಲನ್ನು ಸಂತೋಷದಿಂದ ತನ್ನತ್ತ ಎಳೆದುಕೊಂಡ. ಬರಿಯ ತರಕಾರಿ ಸಾರು ಬೇಕಾದರೆ ‘ಸೋಪಾ ದ ಲೆಗೂಮೆಶ್’ ಎಂದು ಕೇಳಿ, ಮಾಂಸ ಹಾಕಿಲ್ಲವೆಂದು ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು.

ಗುರುವಾರ

ಜೂನ್ 13 ಸಂತ ಅಂತೋನಿಯ ಹಬ್ಬ, ಲಿಸ್ಬನ್ನಿಗೆ ಸ್ಥಳೀಯ ರಜೆ. ಬೆಲೆಮ್ ಬಡಾವಣೆಯ ಜೆರೋನಿಮುಶ್ ಮಠ ಅವತ್ತು ಮುಚ್ಚಿರುತ್ತದೆ, ಸೋಮವಾರಗಳಲ್ಲೂ ಅಷ್ಟೇ. ಹಾಗಾಗಿ ಹಬ್ಬದ ಹಿಂದಿನ ದಿನವಾದ ಗುರುವಾರವೇ ಹೋದೆವು. 15ನೇ ನಂಬರಿನ ಟ್ರಾಂ ನದಿಯ ಪಕ್ಕದಲ್ಲೇ, ತೂಗುಸೇತುವೆಯ ಕೆಳಗಿನಿಂದ ಹಾದು ಹೋಗುತ್ತದೆ. 1966ರಲ್ಲಿ ಕಟ್ಟಿದಾಗ ಆ ಸೇತುವೆಗೆ ಸರ್ವಾಧಿಕಾರಿ ಸಲಜಾರ್‌ನ ಹೆಸರಿತ್ತು. 1974ರ ಕ್ರಾಂತಿಯ ನಂತರ ಕ್ರಾಂತಿ ನಡೆದ ದಿನವನ್ನೇ ಅದಕ್ಕೆ ಹೆಸರಾಗಿಟ್ಟರು: ಏಪ್ರಿಲ್ 25.

ಮಠದೊಳಗಿನ ಅಂಗಳಕ್ಕೆ ಟಿಕೆಟ್ ಕೊಂಡವರ ಸಾಲು ಬಿಸಿಲಿನಲ್ಲಿ ಹಾವಾಡುತ್ತಿತ್ತು. ಪಕ್ಕದ ಬಾಗಿಲಿನಿಂದ ಚರ್ಚಿಗೆ ಪುಕ್ಕಟೆ ಪ್ರವೇಶವಿತ್ತು. ನಾವು ನೋಡಬೇಕಾಗಿದ್ದವನು ಇದ್ದದ್ದು ಅಲ್ಲಿಯೇ. ಒಳಗೆ ಕಾಲಿಟ್ಟರೆ ಎಡಕ್ಕೆ ವಾಸ್ಕೊ ಡ ಗಾಮ, ಬಲಕ್ಕೆ ಕವಿ ಕಮೋಯಿನ್ಶ್. ಗಾಮನ ಕಲ್ಲಿನ ಮೂರ್ತಿ ಕೈಮುಗಿದು ಅಂಗಾತ ಮಲಗಿದೆ. ಪೆಟ್ಟಿಗೆಯ ಬದಿಯಲ್ಲಿ ಹಾಯಿ ಹಡಗನ್ನು ಕೆತ್ತಿದ್ದಾರೆ. 1497ರ ಜುಲೈಯಲ್ಲಿ ಇದೇ ದಡದಿಂದ ಹೊರಟು, ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದವನು. ಮರಳುವಾಗ ಕಾರವಾರದೆದುರಿನ ಅಂಜುದೀವ ದ್ವೀಪದಲ್ಲಿ ಹಡಗು ದುರಸ್ತಿಗೆ ನಿಂತಿದ್ದ. ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ. ಮೂಳೆಗಳು ಪೋರ್ಚುಗಲ್ಲಿಗೆ ಬಂದದ್ದು 1539ರಲ್ಲಿ, ಈ ಚರ್ಚಿಗೆ 1880ರಲ್ಲಿ. ಸತ್ತ ಮೇಲೂ ಪ್ರಯಾಣ ತಪ್ಪದ ಜೀವ.

ನಾನೂ ಧಾರವಾಡವೂ ಕಂಬಗಳನ್ನು ನೋಡುತ್ತಿದ್ದೆವು. ಹಡಗಿನ ಹಗ್ಗ, ಹವಳ, ಕಡಲ ಬಳ್ಳಿಗಳನ್ನೆಲ್ಲ ಕಲ್ಲಿನಲ್ಲಿ ಹೆಣೆದು ಚಾವಣಿಗೆ ಏರಿಸಿದ್ದಾರೆ. ದೊರೆ ಮನುಯೆಲನ ಕಾಲದ ಶೈಲಿ ಇದು. ಶಿರಸಿ ಮಾತ್ರ ಕೈಪಿಡಿ ಓದುತ್ತಾ ನಿಂತುಬಿಟ್ಟಿದ್ದ. 1501ರಲ್ಲಿ ಶುರುವಾದ ಈ ಕಟ್ಟಡದ ಖರ್ಚಿಗೆ ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ತೆಗೆದ ಹಣವೇ ಆಧಾರ. ‘ಮೆಣಸಿನ ಇಪ್ಪತ್ತನೇ ಪಾಲು’ ಎಂದೇ ಅದಕ್ಕೆ ಹೆಸರು. ಅವನ ಮನೆಯ ಅಡಿಕೆ ತೋಟದಲ್ಲಿ ಮರಕ್ಕೊಂದರಂತೆ ಮೆಣಸಿನ ಬಳ್ಳಿ ಹಬ್ಬಿದೆ. ಅವನು ಕಂಬದ ಮೇಲೆ ಕೈಯಿಟ್ಟು, “ಇದರಲ್ಲಿ ಎಷ್ಟು ಚೀಲ ನಮ್ಮದು?” ಎಂದ.

ಅಲ್ಲಿಂದ ಮಾತು ಬೆಳೆಯಿತು. ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದವಳು, ಪೋರ್ಚುಗೀಸರೇ ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು, ಅವಳೊಂದಿಗೆ ವ್ಯಾಪಾರವನ್ನೂ ಮಾಡಿದರು, ಜಗಳವನ್ನೂ ಆಡಿದರು. ಇಲ್ಲಿ ಅವಳ ಹೆಸರಿನ ಒಂದು ಗೆರೆಯಾದರೂ ಇದೆಯೇ ಎಂಬುದು ಶಿರಸಿಯ ತಕರಾರು. ಉಳ್ಳಾಲದ ಅಬ್ಬಕ್ಕನನ್ನು ಯಾಕೆ ಬಿಟ್ಟೆ ಎಂದು ಧಾರವಾಡ ಸೇರಿಸಿದಳು. ಮಂಗಳೂರು ಅಷ್ಟು ಹೊತ್ತು ಸುಮ್ಮನಿದ್ದವನು, “ನೀವು ಸುಲಭವಾಗಿ ಸಿಟ್ಟಾಗಬಹುದು. ನನ್ನ ಮನೆತನದ ಹೆಸರು ಇವರು ಕೊಟ್ಟದ್ದು. ನನ್ನ ಹಿರಿಯರು ಗೋವೆ ಬಿಟ್ಟು ಓಡಿ ಬಂದದ್ದೂ ಇವರ ಧರ್ಮವಿಚಾರಣೆಯ ಕಾಟಕ್ಕೇ ಎನ್ನುತ್ತಾರೆ. ನಾನು ಯಾವ ಕಡೆ ನಿಲ್ಲಲಿ?” ಎಂದ. ಉತ್ತರ ಯಾರ ಬಳಿಯೂ ಇರಲಿಲ್ಲ. ಅಷ್ಟರಲ್ಲಿ ಕಾವಲುಗಾರ ಬಂದು ತುಟಿಯ ಮೇಲೆ ಬೆರಳಿಟ್ಟ. ದನಿ ಏರಿದ್ದು ನಮಗೇ ಗೊತ್ತಾಗಿರಲಿಲ್ಲ. ಭಾರತದವರೆಂದು ತಿಳಿದಾಗ ಮುಖ ಸಡಿಲಿಸಿ, “ಗೋವಾ?” ಎಂದು ಕೇಳಿದ. “ಸ್ವಲ್ಪ ಕೆಳಗೆ” ಎಂದೆವು.

ಗರ್ಭಗುಡಿಯ ಕಡೆ ನಡೆದರೆ ದೊರೆಗಳ ಸಮಾಧಿಗಳನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. ಕಲ್ಲು ಕೆತ್ತಿದವನು ಆನೆಯನ್ನು ಕಂಡಿರಬಹುದು: ಮನುಯೆಲ್ ದೊರೆಗೆ ಭಾರತದಿಂದ ಆನೆಗಳು ಬರುತ್ತಿದ್ದವು, 1514ರಲ್ಲಿ ಒಂದನ್ನು ಅವನು ರೋಮಿನ ಪೋಪ್‌ಗೆ ಉಡುಗೊರೆಯಾಗಿ ಕಳುಹಿಸಿದ್ದ. ದಸರೆಯ ಆನೆ ನೋಡಿ ಬೆಳೆದ ನನಗೆ ಇವು ಒಂದು ಸುತ್ತು ಬಡಕಲಾಗಿ ಕಂಡವು.

ನದಿಯಂಚಿನಲ್ಲಿ ಹಡಗಿನ ಆಕಾರದ ದೊಡ್ಡ ಸ್ಮಾರಕವಿದೆ, 1960ರದ್ದು. ನಾವಿಕರು, ಪಾದ್ರಿಗಳು, ಕವಿಗಳೆಲ್ಲ ಗದ್ದವೆತ್ತಿ ಕಡಲನ್ನು ನೋಡುತ್ತಾ ಸಾಲಾಗಿ ನಿಂತಿದ್ದಾರೆ. ಆ ಸಾಲಿನಲ್ಲಿ ಹೆಂಗಸು ಒಬ್ಬಳೇ, ರಾಜಕುಮಾರ ಹೆನ್ರಿಯ ತಾಯಿ. ಅವಳನ್ನು ಹುಡುಕಿ ಕೊಟ್ಟವಳು ಧಾರವಾಡ. ಕೆಳಗೆ ನೆಲದ ಮೇಲೆ ಕಲ್ಲಿನಲ್ಲೇ ಹಾಸಿದ ಪ್ರಪಂಚದ ನಕ್ಷೆ, ಯಾವ ತೀರಕ್ಕೆ ಯಾವ ವರ್ಷ ಮುಟ್ಟಿದರೆಂಬ ಅಂಕಿಗಳೊಂದಿಗೆ. ಮಕ್ಕಳು ಖಂಡದಿಂದ ಖಂಡಕ್ಕೆ ನೆಗೆಯುತ್ತಿದ್ದರು. ಶಿರಸಿ ಪಶ್ಚಿಮ ಕರಾವಳಿಯ ಮೇಲೆ ಎರಡೂ ಕಾಲಿಟ್ಟು ಫೋಟೊ ತೆಗೆಸಿಕೊಂಡ, ಜಾಗ ಹಿಡಿದವನ ಠೀವಿಯಲ್ಲಿ.

1837ರಿಂದ ಇರುವ ಪೇಸ್ಟ್ರಿ ಅಂಗಡಿ ಮಠದ ಪಕ್ಕದಲ್ಲೇ ಇದೆ. ಮಠಗಳನ್ನು ಸರಕಾರ ಮುಚ್ಚಿಸಿದ ಮೇಲೆ ಸನ್ಯಾಸಿಗಳ ಪಾಕವಿಧಾನ ಹೊರಗೆ ಬಂದು ಶುರುವಾದ ವ್ಯಾಪಾರ. ಹೊರಗಿನ ಸಾಲು ಕಟ್ಟಿಸಿಕೊಂಡು ಹೋಗುವವರದ್ದು. ಒಳಗೆ ನೀಲಿ ಹೆಂಚಿನ ಗೋಡೆಗಳ ಕೋಣೆಯ ಹಿಂದೆ ಕೋಣೆ ತೆರೆದುಕೊಳ್ಳುತ್ತವೆ, ಕೂರಲು ಬೇಗನೆ ಜಾಗ ಸಿಗುತ್ತದೆ. ಬಿಸಿ ತಟ್ಟೆಯಲ್ಲಿ ಅಂಗೈಯಗಲದ ಕಡುಬುಗಳು: ಅಂಚು ನೂರು ಪದರ, ನಡುವೆ ಮೊಟ್ಟೆಯ ಹಳದಿ ಮತ್ತು ಹಾಲಿನ ಕೆನೆ, ಮೇಲೆ ಅಲ್ಲಲ್ಲಿ ಕರಕಲು ಚುಕ್ಕೆ. ದಾಲ್ಚಿನ್ನಿ ಪುಡಿಯ ಡಬ್ಬಿ ಮೇಜಿನ ಮೇಲೇ ಇರುತ್ತದೆ, ಧಾರಾಳವಾಗಿ ಉದುರಿಸಿಕೊಳ್ಳಬೇಕು. ಇಬ್ಬರಿಗೆ ಆರರಂತೆ ತರಿಸಿದ್ದು ಸಾಲದೆ ಹೋಯಿತು. ಕಾಳುಮೆಣಸಿನ ಬಾಕಿಯಲ್ಲಿ ಇದನ್ನು ವಜಾ ಮಾಡಿಕೊಳ್ಳುತ್ತೇನೆ ಎಂದ ಶಿರಸಿ, ತುಟಿಯ ಮೇಲಿನ ಸಕ್ಕರೆ ಒರೆಸಿಕೊಳ್ಳುತ್ತಾ.

ಮಧ್ಯಾಹ್ನ ಕಾರ್ಮು ಮಠದ ಅವಶೇಷ ನೋಡಿದೆವು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ ಊರೆಲ್ಲ ಚರ್ಚುಗಳಲ್ಲಿದ್ದಾಗ ಭೂಮಿ ನಡುಗಿತು. ಹಬ್ಬಕ್ಕೆ ಹಚ್ಚಿದ್ದ ಮೇಣದಬತ್ತಿಗಳಿಂದ ಬೆಂಕಿ ಹೊತ್ತಿತು. ಬಯಲಿಗೆಂದು ನದಿಯ ದಂಡೆಗೆ ಓಡಿದವರ ಮೇಲೆ ಕಡಲು ಏರಿ ಬಂತು. ಇಲ್ಲಿ ಚಾವಣಿ ಕುಸಿದ ನಂತರ ಮತ್ತೆ ಮುಚ್ಚಲಿಲ್ಲ. ಬರಿಯ ಕಮಾನುಗಳ ಪಕ್ಕೆಲುಬು, ಮೇಲೆ ನೀಲಿ ಆಕಾಶ. ಊರನ್ನು ಮತ್ತೆ ಕಟ್ಟಿಸಿದ ಮಂತ್ರಿ ಪೊಂಬಾಲ್, ಗೋಡೆಗಳೊಳಗೆ ಮರದ ಪಂಜರ ಹೂತು ಕಟ್ಟುವ ವಿಧಾನ ತಂದ. ಮಾದರಿ ಕಟ್ಟಿ, ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ನೆಲ ಅದುರಿಸಿ ಪರೀಕ್ಷೆ ಮಾಡಿದರೆಂದು ಹೇಳುತ್ತಾರೆ. ನಿನ್ನೆ ಕಂಡ ನೇರ ಬೀದಿಗಳೆಲ್ಲ ಅವನವೇ. ಕಾರ್ಮುವಿನ ಎದುರಿನ ಚೌಕದಲ್ಲಿ ಜಕರಂಡ ಮರಗಳು ನೇರಳೆ ಹೂ ಉದುರಿಸಿ ಕಲ್ಲುಗಳನ್ನು ಅಂಟಂಟು ಮಾಡಿದ್ದವು. 1974ರಲ್ಲಿ ಸರ್ವಾಧಿಕಾರದ ಕೊನೆಯ ಪ್ರಧಾನಿ ಅಡಗಿ ಕುಳಿತು ಶರಣಾದದ್ದು ಈ ಚೌಕದ ಅರೆಸೇನಾ ಪಡೆಯ ಕಚೇರಿಯಲ್ಲಿ. ಈಗ ಅಲ್ಲಿ ಜನ ನಿಂಬೆ ಶರಬತ್ತು ಕುಡಿಯುತ್ತಿದ್ದರು, ನಾವೂ ಕುಡಿದೆವು.

ರಾತ್ರಿಯ ವಿಷಯಕ್ಕೆ ಬರುತ್ತೇನೆ. ಹಬ್ಬದ ಮುನ್ನಾರಾತ್ರಿ ಅಲ್ಫಾಮಾ ಕೇರಿಯಲ್ಲಿ ಯಾವ ವೇಳಾಪಟ್ಟಿಯೂ ನಡೆಯುವುದಿಲ್ಲ; ಗುಂಪು ಹೊತ್ತುಕೊಂಡು ಹೋದ ಕಡೆ ಹೋಗಬೇಕು. ಓಣಿಗಳ ಮೇಲೆಲ್ಲ ಬಣ್ಣದ ಕಾಗದದ ತೋರಣ. ಮನೆಯ ಬಾಗಿಲುಗಳ ಮುಂದೆ ಕೆಂಡದ ಒಲೆ ಇಟ್ಟು ಭೂತಾಯಿ ಮೀನು ಸುಡುತ್ತಾರೆ. ಉಪ್ಪು ಸವರಿದ ಮೀನಿನ ಎಣ್ಣೆ ಕೆಂಡಕ್ಕೆ ಬಿದ್ದು ಹೊಗೆ ಎದ್ದಾಗ ಮುಂದಿನವರ ಬೆನ್ನೂ ಕಾಣುತ್ತಿರಲಿಲ್ಲ. ಸುಟ್ಟ ಮೀನನ್ನು ಬ್ರೆಡ್ಡಿನ ತುಂಡಿನ ಮೇಲಿಟ್ಟು ಕೊಡುತ್ತಾರೆ; ರಸವನ್ನೆಲ್ಲ ಬ್ರೆಡ್ಡು ಹೀರಿಕೊಳ್ಳುತ್ತದೆ, ಕೊನೆಗೆ ಅದನ್ನೂ ತಿನ್ನಬೇಕು. ಮಂಗಳೂರು ಎಷ್ಟು ತಿಂದನೆಂದು ಬರೆದರೆ ಅವನ ಹೆಂಡತಿ ಓದುತ್ತಾಳೆ. ಶಿರಸಿ ಹುರಿದ ಮೆಣಸಿನಕಾಯಿ ಮತ್ತು ಬ್ರೆಡ್ಡಿನಲ್ಲಿ ರಾತ್ರಿ ಕಳೆದ.

ಎಲ್ಲ ಕಡೆ ಮಂಜೆರಿಕು ಎಂಬ ಸಣ್ಣೆಲೆಯ ಗಿಡದ ಕುಂಡಗಳನ್ನು ಮಾರುತ್ತಿದ್ದರು. ನಮ್ಮ ಕಾಮಕಸ್ತೂರಿಯ ಬಳಗದ್ದು, ಚೆಂಡಿನಂತೆ ದುಂಡಗೆ ಬೆಳೆಸಿರುತ್ತಾರೆ. ಜೊತೆಗೆ ಕಡ್ಡಿಗೆ ಸಿಕ್ಕಿಸಿದ ಕಾಗದದ ಹೂ ಮತ್ತು ಪ್ರೇಮದ ನಾಲ್ಕು ಸಾಲಿನ ಪದ್ಯದ ಚೀಟಿ. ಮೂಗನ್ನು ಗಿಡಕ್ಕೆ ತಾಗಿಸಿ ಮೂಸಿದರೆ ಬಾಡುತ್ತದಂತೆ. ಅಂಗೈಯನ್ನು ಎಲೆಗಳ ಮೇಲೆ ಆಡಿಸಿ ಕೈಯನ್ನು ಮೂಸಬೇಕು. ಮಂಗಳೂರು ನೇರವಾಗಿ ಮುಖ ಇಟ್ಟುಬಿಟ್ಟ. ಮಾರುತ್ತಿದ್ದ ಹೆಂಗಸು ಚೀರಿದ ರಭಸಕ್ಕೆ ಆ ಕುಂಡವನ್ನು ಅವನು ಕೊಳ್ಳಲೇಬೇಕಾಯಿತು.

ಮಧ್ಯರಾತ್ರಿ ದಾಟಿದ ಮೇಲೆ ಮನೆಗೆ ಏರಿದರೆ ಎದುರು ಮನೆಯ ಅಜ್ಜಿ ಬಾಗಿಲಲ್ಲಿ ಮೇಜು ಹಾಕಿಕೊಂಡು ಚೆರಿಯ ಸಿಹಿ ಮದ್ಯ, ಜಿಂಜಿನ್ಯಾ, ಮಾರುತ್ತಿದ್ದರು. ಅವರ ಮೊಮ್ಮಗನಿಗೆ ಇಂಗ್ಲಿಷ್ ಬರುತ್ತಿತ್ತು. ಇದೇ ಮನೆಯಲ್ಲಿ ಹುಟ್ಟಿದವರು ಅವರು. ಮೊದಲು ಹಬ್ಬದ ಒಲೆಗೆ ಇದ್ದಿಲು ಒಬ್ಬರ ಮನೆಯಿಂದ, ಮೀನು ಇನ್ನೊಬ್ಬರ ಮನೆಯಿಂದ ಬರುತ್ತಿತ್ತು. ಈಗ ನಿಮ್ಮ ಕಟ್ಟಡದಲ್ಲಿ ಬಾಡಿಗೆ ತಾಳಲಾರದೆ ಎಲ್ಲರೂ ನದಿಯಾಚೆಗೆ ಹೋದರು, ಎರಡು ಸಂಸಾರ ಉಳಿದಿವೆ ಎಂದರು. ಆ ಡಬ್ಬಿಗಳ ಕಡೆ ಬೆರಳು ತೋರಿಸಿ ಹೇಳಿದರೇ ಹೊರತು ಮಾತಿನಲ್ಲಿ ಕಹಿ ಇರಲಿಲ್ಲ. ಎಡದಿಂದ ಮೂರನೆಯ ಡಬ್ಬಿಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಇನ್ನೊಂದು ಸುತ್ತು ಜಿಂಜಿನ್ಯಾ ಕೊಂಡೆವು; ಮಾಡಬಹುದಾಗಿದ್ದದ್ದು ಅಷ್ಟೇ.

ಶುಕ್ರವಾರ

ತಡವಾಗಿ ಎದ್ದದ್ದಕ್ಕೆ ಧಾರವಾಡ ಮಾತಾಡಲಿಲ್ಲ, ಅದೇ ಭಯ ಹುಟ್ಟಿಸಿತು. 28ನೇ ನಂಬರಿನ ಹಳದಿ ಟ್ರಾಮಿಗೆ ಸಾಲು ನಿಲ್ಲುವ ಮೊದಲು ಹತ್ತಿರದ ಪುಟ್ಟ ಕಾಫಿ ಅಂಗಡಿಗೆ ನುಗ್ಗಿದೆವು. ಗಾಜಿನ ಪೆಟ್ಟಿಗೆಯಲ್ಲಿ ಸಮೋಸಾ! ಇಲ್ಲಿ ಅದಕ್ಕೆ ಶಮೂಸಾ ಎನ್ನುತ್ತಾರೆ, ಬಹುತೇಕ ಕಾಫಿ ಅಂಗಡಿಗಳಲ್ಲಿ ಸಿಗುತ್ತದೆ, ಹೆಚ್ಚಿನವು ಮಾಂಸದವು. ಅಂಗಡಿಯ ಯಜಮಾನರು ಗೋವೆಯ ಮೂಲದವರು, ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ. 1975ರಲ್ಲಿ ಅದು ಸ್ವತಂತ್ರವಾದಾಗ ಅಪ್ಪ ಅಮ್ಮ ಎರಡು ಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದರಂತೆ. ಗೋವೆಗೆ ಒಮ್ಮೆಯೂ ಹೋಗಿಲ್ಲ. ಮಂಗಳೂರು ಕೊಂಕಣಿಯಲ್ಲಿ ಮಾತಾಡಿಸಿದಾಗ ಅವರು ಕಿವಿಗೊಟ್ಟು ಕೇಳಿ, ತಮ್ಮ ಅಜ್ಜಿ ಬೈಯುವಾಗ ಹೀಗೆಯೇ ಕೇಳಿಸುತ್ತಿತ್ತು ಎಂದು ನಕ್ಕರು. ಶಿರಸಿಗಾಗಿ ಒಳಗಿನಿಂದ ತರಕಾರಿಯದ್ದನ್ನು ಕರಿದು ತಂದುಕೊಟ್ಟರು. ಟ್ರಾಮಿನಲ್ಲಿ ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಿ ಎಂದು ಎರಡು ಬಾರಿ ಎಚ್ಚರಿಸಿದರು.

ಚೀಲಗಳು ಎದೆಯ ಮೇಲೇ ಇದ್ದವು. ಧಾರವಾಡದ ಫೋನು ಮಾತ್ರ ಕೋಟಿನ ಜೇಬಿನಲ್ಲಿತ್ತು. ಟ್ರಾಂ ಗ್ರಾಸಾದ ಏರಿನಲ್ಲಿ ಗೋಡೆಗಳಿಗೆ ಗೇಣಂತರ ಬಿಟ್ಟು ಕೀರಲುತ್ತಾ ತಿರುಗುವಾಗ ಎಲ್ಲರೂ ಕಿಟಕಿಯ ಕಡೆ ವಾಲಿದೆವು; ಇಳಿದಾಗ ಜೇಬು ಖಾಲಿ. ಕಳೆದದ್ದನ್ನು ಹುಡುಕಿಕೊಡುವ ಸಂತನೆಂದರೆ ಅಂತೋನಿಯೇ, ಇವತ್ತು ಅವನದ್ದೇ ಹಬ್ಬ, ಪ್ರಾರ್ಥಿಸುತ್ತೇನೆ ಎಂದ ಮಂಗಳೂರು. ಸಂಜೆಯವರೆಗೂ ಫಲ ಕಾಣದಿದ್ದಾಗ, ಹಬ್ಬದ ದಿನ ಅರ್ಜಿಗಳು ಜಾಸ್ತಿ ಇರುತ್ತವೆ ಎಂದು ಸಂತನ ಪರವಾಗಿ ಅವನೇ ಸಮಜಾಯಿಷಿ ಕೊಟ್ಟ. ವಿಮೆಗೆ ದೂರಿನ ಪ್ರತಿ ಬೇಕಿತ್ತು. ಪ್ರವಾಸಿಗರಿಗೆಂದೇ ಇರುವ ಠಾಣೆಯಲ್ಲಿ ಇಂಗ್ಲಿಷ್ ಬಲ್ಲ ಪೊಲೀಸರು ಬೇಗನೆ ಬರೆದುಕೊಟ್ಟರು. ಪಾಸ್‌ಪೋರ್ಟಿನ ನಕಲು ಜೊತೆಗಿದ್ದದ್ದು ಅನುಕೂಲವಾಯಿತು. ಫೋನಿನ ಜೊತೆಗೆ ವೇಳಾಪಟ್ಟಿಯೂ ಹೋಯಿತೆಂದು ಉಳಿದ ಮೂವರು ಒಳಗೊಳಗೇ ಹಿಗ್ಗಿದ್ದು ವ್ಯರ್ಥವಾಯಿತು. ಅವಳಿಗೆ ಅದು ಬಾಯಿಪಾಠವಾಗಿತ್ತು.

ಕೋಟೆಯನ್ನು ಓಡುತ್ತಲೇ ನೋಡಿದೆವು. ನವಿಲುಗಳಿವೆ, ನದಿಯವರೆಗೆ ಕೆಂಪು ಹೆಂಚುಗಳ ನೋಟವಿದೆ. ಪುರಾತನವೆಂದು ತೋರುವ ಗೋಡೆಗಳಲ್ಲಿ ಬಹುಪಾಲು 1940ರ ಸುಮಾರಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಬ್ಬಿಸಿದವು. ನೋಟಕ್ಕಾದರೆ ದುಡ್ಡು ಕೊಟ್ಟು ಇಲ್ಲಿಗೆ ಬರಬೇಕಿಲ್ಲ. ಗ್ರಾಸಾದ ಚರ್ಚಿನ ಮುಂದಿನ ಪೈನ್ ಮರಗಳ ನೆರಳಿನಿಂದ ಕೋಟೆಯೂ ಸೇರಿ ಎಲ್ಲವೂ ಕಾಣುತ್ತದೆ.

ಮಂಗಳೂರಿನ ಅಮ್ಮ ಪ್ರತಿ ಮಂಗಳವಾರ ಸಂತ ಅಂತೋನಿಗೆ ಮೇಣದಬತ್ತಿ ಹಚ್ಚುವವರು, ವರ್ಷಕ್ಕೊಮ್ಮೆ ಮೈಸೂರಿನ ಹತ್ತಿರದ ಡೋರ್ನಹಳ್ಳಿಗೂ ಹೋಗಿ ಬರುವವರು. ಲೋಕಕ್ಕೆಲ್ಲ ಅವನು ಇಟಲಿಯ ಪಾದುವಾದ ಸಂತ. ಹುಟ್ಟಿದ್ದು ಇಲ್ಲಿ, ಮುಖ್ಯ ಚರ್ಚಿನ ಕೆಳಗಿನ ಒಂದು ಮನೆಯಲ್ಲಿ. ಲಿಸ್ಬನ್ನಿನವರ ಮುಂದೆ ಪಾದುವಾದ ಹೆಸರೆತ್ತದಿರುವುದು ಕ್ಷೇಮ. ಆ ಜಾಗದ ಪುಟ್ಟ ಚರ್ಚಿನ ನೆಲಮಾಳಿಗೆಯಲ್ಲಿ ಬತ್ತಿ ಹಚ್ಚಲು ಒಂದೂವರೆ ಗಂಟೆ ಸಾಲು. ಹೊರಗೆ ಬರುವಷ್ಟರಲ್ಲಿ ಮೆರವಣಿಗೆ ಹೊರಟಿತ್ತು: ಹೂಗಳ ನಡುವೆ ಸಂತನ ಮೂರ್ತಿ, ಹಿಂದೆ ಬ್ಯಾಂಡು, ಬದಿಯಲ್ಲಿ ಹಿಂದಿನ ರಾತ್ರಿಯ ಅಮಲಿಳಿಯದ ಯುವಕರು, ಕಿಟಕಿಗಳಿಂದ ಹೊದಿಕೆ ಇಳಿಬಿಟ್ಟು ಎಸಳು ತೂರುವ ಅಜ್ಜಿಯರು. ಮಂಗಳೂರು ಅಮ್ಮನಿಗೆ ವಿಡಿಯೊ ಕರೆ ಮಾಡಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ. “ಅಂಚಿನ ಕಡೆ ನಿಲ್ಲಬೇಡ ಮಗನೇ, ಫೋನು ಕಸಿಯುತ್ತಾರೆ” ಎಂದು ಅವರು ಅಲ್ಲಿಂದಲೇ ಕೂಗುತ್ತಿದ್ದರು. ಧಾರವಾಡಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ರಾತ್ರಿ ಫಾದು ಎಂಬ ಇಲ್ಲಿನ ಸಾಂಪ್ರದಾಯಿಕ ಗಾಯನ ಕೇಳಲು ಹೋದದ್ದು ಹತ್ತು ಮೇಜುಗಳಷ್ಟೇ ಇರುವ ಜಾಗಕ್ಕೆ. ಹಾಡು ಶುರುವಾಗುವಾಗ ದೀಪ ಆರಿಸುತ್ತಾರೆ, ಬಡಿಸುವುದನ್ನು ನಿಲ್ಲಿಸುತ್ತಾರೆ, ಫೋರ್ಕಿನ ಸದ್ದಾದರೂ ತಿರುಗಿ ನೋಡುತ್ತಾರೆ. ಮೈಕು ಇಲ್ಲ. ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಜೊತೆಗೊಂದು ಸಾದಾ ಗಿಟಾರು. ಅಡುಗೆಮನೆಯಿಂದ ಏಪ್ರನ್ ಬಿಚ್ಚುತ್ತಾ ಬಂದ ದಪ್ಪನೆಯ ಹೆಂಗಸು ಶಾಲು ಹೊದ್ದು, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ವಾಲಿಸಿ ಎತ್ತಿದ ಮೊದಲ ಸ್ವರಕ್ಕೇ ಧಾರವಾಡದ ಬೆನ್ನು ನೆಟ್ಟಗಾಯಿತು. ಮನ್ಸೂರರು, ಗಂಗೂಬಾಯಿಯವರು ಹಾಡಿದ ಊರಿನ ಹುಡುಗಿ. ಅವಳ ತೊಡೆಯ ಮೇಲಿನ ಬೆರಳುಗಳು ತಾಳ ಹುಡುಕಿ, ಹಾಡುಗಾತಿ ಲಯವನ್ನು ಎಳೆದೆಳೆದು ಆಡಿಸುವುದನ್ನು ಕಂಡು ಸುಮ್ಮನಾದವು. ಎರಡು ದಿನದಿಂದ ನಮ್ಮನ್ನು ಓಡಿಸಿದವಳು ಅಂದು ಕೊನೆಯ ಮೆಟ್ರೊ ತಪ್ಪಿಸಿದಳು. ಅರ್ಥವಾಯಿತೇ ಎಂದು ಶಿರಸಿ ಕೇಳಿದ್ದಕ್ಕೆ, ಆಲಾಪಕ್ಕೆ ಅರ್ಥ ಕೇಳುತ್ತೀಯಾ ಎಂದು ಗದರಿದಳು.

ಶನಿವಾರ

ರೋಸಿಯು ನಿಲ್ದಾಣದಿಂದ ಸಿಂತ್ರಾಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಲಿಸ್ಬನ್ನಿನಲ್ಲಿ ಬೆವರು, ಸಿಂತ್ರಾದಲ್ಲಿ ಮಂಜು. ಕಡಲ ಗಾಳಿ ಬೆಟ್ಟಕ್ಕೆ ಬಡಿದು ಅಲ್ಲೇ ಮೋಡವಾಗುತ್ತದೆ. ಪೇನಾ ಅರಮನೆಯ ಟಿಕೆಟ್ಟಿನಲ್ಲಿ ಬರೆದಿರುವ ಸಮಯ ತೋಟದ ಗೇಟಿನದ್ದಲ್ಲ, ಅರಮನೆಯ ಬಾಗಿಲಿನದ್ದು. ಎರಡರ ನಡುವೆ ಅರ್ಧ ಗಂಟೆಯ ಏರಿದೆ. ಶನಿವಾರದ ಬಸ್ಸಿನ ಸಾಲು ಕರಗಿ ನಾವು ಗೇಟು ಮುಟ್ಟಿದಾಗಲೇ ನಮ್ಮ ಸಮಯ ಮುಗಿದಿತ್ತು. ಒಳಕೋಣೆಗಳು ತಪ್ಪಿದವು; ಜಗುಲಿಗಳಿಗೆ ಮಾತ್ರ ಬಿಟ್ಟರು. ನನಗೇನೂ ಬೇಸರವಾಗಲಿಲ್ಲ. ಎರಡನೆಯ ಫರ್ಡಿನಾಂಡ್ ದೊರೆ 19ನೇ ಶತಮಾನದಲ್ಲಿ ಹಳೆಯ ಮಠವೊಂದರ ಅವಶೇಷದ ಮೇಲೆ ಕಟ್ಟಿಸಿದ ಈ ಅರಮನೆಗೆ ಒಂದು ಕಡೆ ಅರಿಶಿನದ ಹಳದಿ, ಇನ್ನೊಂದು ಕಡೆ ಇಟ್ಟಿಗೆಯ ಕೆಂಪು. ಬಿಸಿಲಿನಲ್ಲಿ ನೋಡಿದರೆ ತೀರಾ ಢಾಳು ಎನಿಸಬಹುದು. ಮಂಜಿನಲ್ಲಿ ಒಂದು ಗುಮ್ಮಟ ಕಂಡು, ಅದು ಅಳಿಸಿ, ಇನ್ನೆಲ್ಲೋ ಒಂದು ಹಳದಿ ಗೋಡೆ ಹೊರಬರುತ್ತಿತ್ತು.

ಅಲ್ಲಿಂದ ಇಕ್ಕಟ್ಟಿನ ರಸ್ತೆಗಳಲ್ಲಿ ಬಸ್ಸು ಹಿಡಿದು ಯುರೋಪಿನ ಮುಖ್ಯಭೂಮಿಯ ಪಶ್ಚಿಮದ ತುದಿ ಕಾಬೊ ದ ರೋಕಾಕ್ಕೆ. ಕಡಲಿನಿಂದ 140 ಮೀಟರ್ ಎತ್ತರದ ಬಂಡೆ, ಒಂದು ದೀಪಸ್ತಂಭ, ಶಿಲುಬೆ ಹೊತ್ತ ಕಲ್ಲುಕಂಬ, ಫೋಟೊಗೆ ಸಾಲು. ಗಾಳಿಗೆ ಮಾತು ಬಾಯಿಂದ ಹೊರಟು ಪಕ್ಕದವರಿಗೆ ತಲುಪುವುದಿಲ್ಲ. ಧಾರವಾಡದ ಟೋಪಿ ಅಟ್ಲಾಂಟಿಕ್ಕಿಗೆ ಹೋಯಿತು. ಇಲ್ಲಿಗೆ ಬಂದದ್ದಕ್ಕೆ ಹೆಸರು ಬರೆದು ಪ್ರಮಾಣಪತ್ರ ಕೊಡುತ್ತಾರೆ, ದುಡ್ಡಿಗೆ. ಮಂಗಳೂರು ಒಂದನ್ನು ಕೊಂಡ, ಉಳಿದವರು ನಕ್ಕೆವು. ಮರಳುವ ಬಸ್ಸು ಬಾರದೆ ಮುಕ್ಕಾಲು ಗಂಟೆ ಆ ಗಾಳಿಯಲ್ಲಿ ನಿಂತಾಗ ಅದೇ ಪ್ರಮಾಣಪತ್ರದ ಗಟ್ಟಿ ಲಕೋಟೆಯನ್ನು ಸರದಿಯ ಮೇಲೆ ಕಿವಿಗೆ ಅಡ್ಡ ಹಿಡಿದುಕೊಂಡೆವು.

ಭಾನುವಾರ

ವಿಮಾನ ಮಧ್ಯಾಹ್ನಕ್ಕೆ. ಮಂಜೆರಿಕು ಕುಂಡವನ್ನು ಕೊಂಡೊಯ್ಯುವುದು ಬೇಡವೆಂದು ಮಂಗಳೂರು ಎದುರು ಮನೆಯ ಅಜ್ಜಿಗೆ ಕೊಟ್ಟ. ಅವರು ಎಲೆಗಳ ಮೇಲೆ ಕೈಯಾಡಿಸಿ, ಮೂಸಿ, ಇದಕ್ಕೆ ನೀರು ಹಾಕಿಯೇ ಇಲ್ಲವಲ್ಲ ಎಂಬಂತೆ ಅವನನ್ನು ನೋಡಿದರು.

ಉಳಿದ ಚಿಲ್ಲರೆ ಖರ್ಚು ಮಾಡಲು ಕೆಳಗಿನ ಸೂಪರ್‌ಮಾರ್ಕೆಟ್ಟಿಗೆ ಹೋದೆವು. ಡಬ್ಬಿಯಲ್ಲಿ ಬರುವ ಭೂತಾಯಿ ಮೀನು ಪೇಟೆಯ ಅಲಂಕಾರದ ಅಂಗಡಿಗಳಿಗಿಂತ ಇಲ್ಲಿ ಎಷ್ಟೋ ಅಗ್ಗ, ರುಚಿಗೇನೂ ಕಡಿಮೆಯಿಲ್ಲ. ಶಿರಸಿ ಮಸಾಲೆಯ ಕಪಾಟಿನ ಮುಂದೆ ಕನ್ನಡಕ ಹಣೆಗೇರಿಸಿ ಬಗ್ಗಿ ನಿಂತಿದ್ದ. ಕೈಯಲ್ಲಿ ಕಾಳುಮೆಣಸಿನ ಪುಟ್ಟ ಗಾಜಿನ ಶೀಷೆ. ಬೆಳೆದ ದೇಶ: ವಿಯೆಟ್ನಾಂ. ಇನ್ನೊಂದು ಕಂಪನಿಯದ್ದನ್ನು ತೆಗೆದ. ಅದು ಬ್ರೆಜಿಲ್. ಕಪಾಟಿನ ಕೊನೆಯವರೆಗೂ ತಿರುಗಿಸಿ ನೋಡಿದ, ನಮ್ಮ ಕರಾವಳಿಯದ್ದು ಒಂದೂ ಇರಲಿಲ್ಲ. ಅಲ್ಲೇ ನಿಂತು ಊರಿಗೆ ಫೋನು ಹಚ್ಚಿದ. ಅವನ ಅಣ್ಣಯ್ಯ ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದರು. ವಾಸ್ಕೊ ಡ ಗಾಮ, ಮಠ, ಮೆಣಸಿನ ತೆರಿಗೆ ಎಲ್ಲವನ್ನೂ ಹೂಂಗುಟ್ಟುತ್ತಾ ಕೇಳಿಕೊಂಡರಂತೆ. ಶೀಷೆಯ ತೂಕ ಎಷ್ಟು, ಬೆಲೆ ಎಷ್ಟು ಎಂದು ಮಾತ್ರ ಎರಡೆರಡು ಸಲ ಕೇಳಿ, ಗ್ರಾಮಿನಿಂದ ಕಿಲೋಗೆ, ಯುರೋದಿಂದ ರೂಪಾಯಿಗೆ ಲೆಕ್ಕ ಹಾಕಿ, “ಬರುವಾಗ ಆ ಅಂಗಡಿಯವರ ಫೋನ್ ನಂಬರು ತೆಗೆದುಕೊಂಡು ಬಾ” ಎಂದರಂತೆ.